ನಮ್ಮ ದುಡ್ಡು, ನಮ್ಮ ಶಾಲೆ ಅಂದಿರಲ್ಲ

ನಿನ್ನೆ ಸಂಜೆ ಸ್ನೇಹಿತರ ಮನೆಯಲ್ಲಿ ಊಟ. ಪುಳಿಯೋಗರೆ ಇನ್ನೂ ತಟ್ಟೆಯಲ್ಲೇ ಇತ್ತು, ಮಾತು ಮನೆ ತೆರಿಗೆಗೆ ತಿರುಗಿತು. "ನಾವು ಕಟ್ಟೋ ದುಡ್ಡು ಯಾರ್ಯಾರದೋ ಶಾಲೆಗೆ ಹೋಗುತ್ತೆ ಕಣ್ರೀ, ಇದು ಹಗಲು ದರೋಡೆ" ಅಂದರು ಒಬ್ಬರು. ಕೂತವರೆಲ್ಲ ತಲೆಯಾಡಿಸಿದರು. ನನಗೆ ತುತ್ತು ಇಳಿಯಲಿಲ್ಲ.

ಟೆಕ್ಸಸ್‌ನ ಹೊರಗಿರುವವರಿಗೆ ಸ್ವಲ್ಪ ಹೇಳುತ್ತೇನೆ. ಇಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಶಾಲೆಯ ಖರ್ಚಿನ ದೊಡ್ಡ ಪಾಲು ಬರುವುದು ಮನೆ, ಜಮೀನಿನ ತೆರಿಗೆಯಿಂದ. ಒಂದೊಂದು ಶಾಲಾ ಡಿಸ್ಟ್ರಿಕ್ಟ್, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ, ತನ್ನ ಗಡಿಯೊಳಗೆ ವಸೂಲಿ ಮಾಡುತ್ತದೆ. ಆಸ್ತಿಯ ಬೆಲೆ ಜಾಸ್ತಿ ಇರುವ ಡಿಸ್ಟ್ರಿಕ್ಟ್ ಬಡ ಡಿಸ್ಟ್ರಿಕ್ಟ್‌ಗಳಿಗಾಗಿ ಒಂದು ಪಾಲು ಬಿಟ್ಟುಕೊಡಬೇಕು ಅಂತ 1993ರಲ್ಲಿ ಕಾನೂನು ಬಂತು. ಸಿರಿವಂತರಿಂದ ಕಸಿದು ಬಡವರಿಗೆ ಹಂಚಿದ ಕಥೆಯ ನಾಯಕನ ಹೆಸರಿಟ್ಟು ಜನ ಅದನ್ನು ರಾಬಿನ್ ಹುಡ್ ಅನ್ನುತ್ತಾರೆ.

ದರೋಡೆ ಅಂದವರು ಎಜ್‌ವುಡ್ ಹೆಸರು ಕೇಳಿದ್ದಾರಾ? ಸ್ಯಾನ್ ಆಂಟೋನಿಯೋದ ಪಶ್ಚಿಮದ ಡಿಸ್ಟ್ರಿಕ್ಟ್ ಅದು. ಬಹುತೇಕ ಮೆಕ್ಸಿಕನ್ ಮೂಲದ ಬಡ ಕುಟುಂಬಗಳು. ಅದೇ ಊರಿನ ಇನ್ನೊಂದು ಕಡೆ ಸಿರಿವಂತರ ಅಲಮೋ ಹೈಟ್ಸ್. 1967-68ರಲ್ಲಿ ಎಜ್‌ವುಡ್‌ನವರು ನೂರು ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕಟ್ಟಿದರು. ಅಲಮೋ ಹೈಟ್ಸ್‌ನವರು ಕಟ್ಟಿದ್ದು 85 ಸೆಂಟ್. ಬಡವರ ದರವೇ ಜಾಸ್ತಿ! ಆದರೂ ಎಜ್‌ವುಡ್‌ನಲ್ಲಿ ಆ ತೆರಿಗೆಯಿಂದ ಒಂದು ಮಗುವಿಗೆ ಸಿಕ್ಕಿದ್ದು 26 ಡಾಲರ್. ಅಲಮೋ ಹೈಟ್ಸ್‌ನಲ್ಲಿ 333. ಮನೆಗಳಿಗೇ ಬೆಲೆ ಇಲ್ಲದಿದ್ದರೆ ಎಷ್ಟು ಕಟ್ಟಿದರೂ ಅಷ್ಟೇ ಅಲ್ವಾ?

1968ರ ಮೇ ತಿಂಗಳಲ್ಲಿ ಎಜ್‌ವುಡ್ ಹೈಸ್ಕೂಲಿನ ಮಕ್ಕಳೇ ತರಗತಿ ಬಿಟ್ಟು ಬೀದಿಗೆ ಬಂದರು. ಅದೇ ವರ್ಷ ಡಿಮೆಟ್ರಿಯೋ ರೊಡ್ರಿಗಸ್ ಅನ್ನುವ ತಂದೆ ಮತ್ತು ಇನ್ನಷ್ಟು ಪೋಷಕರು ಕೋರ್ಟಿಗೆ ಹೋದರು. ರೊಡ್ರಿಗಸ್ ವಾಯುಪಡೆಯ ನೆಲೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದವರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂದೇ ಒಂದು ಮತದಲ್ಲಿ ಸೋತರು, 5-4. ಎಜ್‌ವುಡ್ ಸುಮ್ನಾಗಲಿಲ್ಲ. ಮತ್ತೆ ಕೇಸು ಹಾಕಿತು. 1989ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟಿನ ನ್ಯಾಯಾಧೀಶರೆಲ್ಲ ಒಂದೇ ದನಿಯಲ್ಲಿ ಈ ಪದ್ಧತಿ ತಪ್ಪು ಅಂದರು. ಆಮೇಲೆ ಬಂದದ್ದು ಈ ಕಾನೂನು. ಇಪ್ಪತ್ತೈದು ವರ್ಷ ಕಾದವರನ್ನು ದರೋಡೆಕೋರರು ಅನ್ನುವುದಾ?

"ನಮ್ಮ ಕಡೆಯ ಶಾಲೆಗಳೇ ಮುಚ್ಚುತ್ತಿವೆಯಲ್ಲ" ಅಂತ ಇನ್ನೊಬ್ಬರು ಕೇಳಿದರು. ಹೌದು, ಪ್ಲೇನೋ ಡಿಸ್ಟ್ರಿಕ್ಟ್ ನಾಲ್ಕು ಶಾಲೆ ಮುಚ್ಚಲು 2024ರಲ್ಲಿ ತೀರ್ಮಾನಿಸಿತು. ಆದರೆ ಅಲ್ಲಿ ಮಕ್ಕಳೇ ಕಡಿಮೆಯಾಗಿದ್ದಾರೆ. ದುಡ್ಡಿನ ಜಗಳ ಆಡುವುದಿದ್ದರೆ ರಾಜಧಾನಿ ಆಸ್ಟಿನ್‌ನಲ್ಲಿ ಕೂತ ರಾಜ್ಯ ಸರ್ಕಾರದ ಜೊತೆ ಆಡಿ. ಒಂದು ಮಗುವಿಗೆ ಮೂಲ ಅನುದಾನ 6,160 ಡಾಲರ್ ಅಂತ 2019ರಲ್ಲಿ ಗೊತ್ತು ಮಾಡಿದ್ದು 2025ರವರೆಗೆ ಕದಲಲಿಲ್ಲ. ಆಮೇಲೆ ಸೇರಿಸಿದ್ದು 55 ಡಾಲರ್. ಅದನ್ನು ಬಿಟ್ಟು ಬಡ ಮಕ್ಕಳ ಮೇಲೆ ಯಾಕೆ ಸಿಟ್ಟು?

ನಾನು ಎಲ್ಲಿ ಓದಿದೆ ಅಂತ ನಿಮಗೆ ಗೊತ್ತು. ತಿಪಟೂರಿನ ಹತ್ತಿರದ ಹಳ್ಳಿಯ ಸರ್ಕಾರಿ ಶಾಲೆ. ಹೆಂಚು ಸೋರುತ್ತಿತ್ತು, ಆದರೆ ಮೇಷ್ಟ್ರು ಇದ್ದರು. ಅವರ ಸಂಬಳ ನಮ್ಮೂರಿನ ಮನೆ ಕಂದಾಯದಿಂದ ಬರಲಿಲ್ಲ. ಬಂದಿದ್ದರೆ ಮೇಷ್ಟ್ರೇ ಇರುತ್ತಿರಲಿಲ್ಲ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಯಾರೋ ಕಟ್ಟಿದ ತೆರಿಗೆ ರಾಜ್ಯದ ಖಜಾನೆಗೆ ಹೋಗಿ, ಅಲ್ಲಿಂದ ನಮ್ಮ ಮೇಷ್ಟ್ರಿಗೆ ಬಂತು. ನಿನ್ನೆ ತಲೆಯಾಡಿಸಿದವರಲ್ಲಿ ಎಷ್ಟೋ ಜನ ಹಾಗೇ ಓದಿದವರು. ಯಾರ್ಯಾರದೋ ದುಡ್ಡಿನಲ್ಲಿ.

ನನ್ನದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಮನೆ ಹುಡುಕುವಾಗ ನಾನು ಮೊದಲು ಕೇಳಿದ್ದೇ ಶಾಲೆಯ ರೇಟಿಂಗ್. ರಸ್ತೆಯ ಆಚೆ ಒಂದು ಒಳ್ಳೆಯ ಮನೆ ಇತ್ತು, ಕಡಿಮೆ ಬೆಲೆಗೆ. ಡಿಸ್ಟ್ರಿಕ್ಟ್ ಬೇರೆ ಅಂತ ಬೇಡ ಅಂದೆ. ಆಚೆ ಕಡೆಯ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಅಂತ ಯೋಚಿಸಲೂ ಇಲ್ಲ.

ನಿನ್ನೆಯೂ ಬಾಯಿ ಬಿಡದೆ ಎದ್ದು ಬಂದೆ. ಸೋಮವಾರ ಸಂಜೆ ನಮ್ಮ ಶಾಲಾ ಮಂಡಳಿಯ ಸಭೆ ಇದೆ, ಮಾತನಾಡಲು ಹೆಸರು ಕೊಟ್ಟಿದ್ದೇನೆ. ಬರುವವರು ಮೆಸೇಜ್ ಮಾಡಿ, ಕಾರಿನಲ್ಲಿ ಮೂರು ಜನಕ್ಕೆ ಜಾಗ ಇದೆ.