ಕಿವಿ ಇನ್ನಷ್ಟು ಮಂದವಾದರೆ: ಇಂಪ್ಲಾಂಟ್‌ಗೆ ಹೋಗಬೇಕಾ, ಏಡ್‌ನಲ್ಲೇ ಉಳಿಯಬೇಕಾ?

ಹಲವು ವರ್ಷಗಳಿಂದ ಹಿಯರಿಂಗ್ ಏಡ್ ಹಾಕಿಕೊಂಡು ಬಂದವರಿಗೆ ಕೇಳುವುದು ಮತ್ತೂ ಕಡಿಮೆಯಾಗುತ್ತಿದೆ ಅಂದುಕೊಳ್ಳಿ. ಆಗ ಇನ್ನೂ ಒಳ್ಳೆಯ ಏಡ್ ಹುಡುಕಬೇಕಾ, ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಸಾಧನ, ಅಂದರೆ ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿಕೊಳ್ಳಬೇಕಾ? ಹುಟ್ಟಿನಿಂದಲೇ ಕೇಳದ ಮಕ್ಕಳ ವಿಷಯ ಬೇರೆ. ಇಲ್ಲಿ ಮಾತು ದೊಡ್ಡವರ ಬಗ್ಗೆ ಮಾತ್ರ. ಇಂಪ್ಲಾಂಟ್‌ನ ಪರ ಒಂದು ವಾದ, ವಿರೋಧ ಒಂದು ವಾದ ಕೆಳಗಿವೆ.

ಪರ: ಕಾಯುತ್ತಾ ಕೂತರೆ ನಷ್ಟವೇ ಜಾಸ್ತಿ

"ಕೇಳಿಸುತ್ತೆ, ಆದರೆ ಏನಂದ್ರು ಅಂತ ಗೊತ್ತಾಗಲ್ಲ." ಏಡ್ ಹಾಕಿಕೊಂಡೂ ಈ ಮಾತು ಪದೇ ಪದೇ ಬಾಯಿಗೆ ಬರುತ್ತಿದ್ದರೆ, ಇಂಪ್ಲಾಂಟ್ ಪರೀಕ್ಷೆಗೆ ಹೋಗುವ ಹೊತ್ತು ಬಂದಿದೆ ಎಂದೇ ನಾನು ಹೇಳುತ್ತೇನೆ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರುವ ಕಾಕ್ಲಿಯಾ ಇದೆ. ಅದರೊಳಗೆ ಸುಮಾರು 15,000 ಕೂದಲು ಕೋಶಗಳು. ಮೆದುಳಿಗೆ ಸುದ್ದಿ ಮುಟ್ಟಿಸುವ ಕೆಲಸ ಹೆಚ್ಚುಕಡಿಮೆ ಪೂರ್ತಿ ಒಳಸಾಲಿನ ಸುಮಾರು 3,500 ಕೋಶಗಳದ್ದು. ಇವು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಏಡ್ ಸದ್ದನ್ನು ಜೋರು ಮಾಡಿ ಉಳಿದ ಕೋಶಗಳಿಗೆ ಕಳಿಸುತ್ತದೆ, ಅಷ್ಟೇ. ಕೋಶಗಳೇ ಇಲ್ಲದ ಜಾಗಕ್ಕೆ ಎಷ್ಟು ಜೋರಾಗಿ ಕಳಿಸಿದರೂ ಕರ್ಕಶವಾಗುತ್ತದೆಯೇ ಹೊರತು ಮಾತು ಬಿಡಿಬಿಡಿಯಾಗಿ ಕೇಳುವುದಿಲ್ಲ.

ಸಾಮಾನ್ಯವಾಗಿ ಮೊದಲು ಕೈಕೊಡುವುದು ಕೀಚಲು ಸದ್ದುಗಳು. ಸ, ಶ, ತ, ಕ ಇಂಥ ವ್ಯಂಜನಗಳನ್ನು ಗುರುತಿಸಲು ಬೇಕಾದದ್ದೆಲ್ಲ ಅಲ್ಲೇ ಇರುತ್ತದೆ. ಸ್ವರಗಳು ಕೇಳುತ್ತಲೇ ಇರುತ್ತವೆ. ಹಾಗಾಗಿ ಕಾಲು ಅಂದರೂ, ಸಾಲು ಅಂದರೂ, ಪಾಲು ಅಂದರೂ ಕಿವಿಗೆ ಬೀಳುವುದು ಬರೀ 'ಆಲು'. ಉಳಿದದ್ದನ್ನು ಎದುರಿನವರ ತುಟಿ ನೋಡಿ, ಮಾತಿನ ಹಿಂದುಮುಂದು ನೋಡಿ ತುಂಬಿಕೊಳ್ಳಬೇಕು. ದಿನವಿಡೀ ಇದೇ ಕೆಲಸವಾದರೆ ಸಂಜೆ ಹೊತ್ತಿಗೆ ತಲೆ ಸೋತು ಹೋಗಿರುತ್ತದೆ. ಫೋನಿನಲ್ಲಿ ತುಟಿಯೂ ಕಾಣುವುದಿಲ್ಲವಲ್ಲ, ಅದಕ್ಕೇ ರಿಂಗಾದ ಕೂಡಲೇ ಫೋನು ಪಕ್ಕದವರ ಕೈಗೆ ಹೋಗುತ್ತದೆ. ನಾಲ್ಕು ಜನ ಸೇರಿದ ಕಡೆ ಸುಮ್ನೆ ನಗುತ್ತಾ "ಹೌದೌದು" ಅನ್ನುವುದು ರೂಢಿಯಾಗುತ್ತದೆ. ಆಮೇಲೆ ಅಂಥ ಕಡೆ ಹೋಗುವುದೇ ನಿಂತುಹೋಗುತ್ತದೆ. ಇದನ್ನು "ವಯಸ್ಸಾಯ್ತು" ಅಂತ ತಳ್ಳಿಹಾಕುವುದು ನನಗೆ ತುಂಬಾ ನೋವು ಕೊಡುವ ವಿಷಯ.

ಇಂಪ್ಲಾಂಟ್ ಹಿಡಿಯುವ ದಾರಿಯೇ ಬೇರೆ. ಕಿವಿಯ ಹಿಂದಿನ ಪ್ರೊಸೆಸರ್ ಸದ್ದನ್ನು ಹಿಡಿದು ಸಂಕೇತ ಮಾಡುತ್ತದೆ. ತಲೆಗೆ ಅಯಸ್ಕಾಂತದಿಂದ ಅಂಟಿಕೊಂಡ ಕಾಯಿಲ್ ಅದನ್ನು ಚರ್ಮದ ಕೆಳಗಿನ ಭಾಗಕ್ಕೆ ದಾಟಿಸುತ್ತದೆ. ಅಲ್ಲಿಂದ ಕಾಕ್ಲಿಯಾದೊಳಗೆ ಹೋದ ಸಣ್ಣ ಎಳೆಯಲ್ಲಿ 12ರಿಂದ 22 ಎಲೆಕ್ಟ್ರೋಡ್‌ಗಳಿರುತ್ತವೆ. ಅವು ಸತ್ತ ಕೋಶಗಳ ಹಂಗಿಲ್ಲದೆ ನೇರವಾಗಿ ಶ್ರವಣ ನರವನ್ನೇ ಮುಟ್ಟುತ್ತವೆ.

ಇದು ನಿನ್ನೆ ಮೊನ್ನೆಯ ಪ್ರಯೋಗವೇನಲ್ಲ. 1957ರಲ್ಲೇ ಪ್ಯಾರಿಸ್‌ನಲ್ಲಿ ಜೂರ್ನೋ ಮತ್ತು ಐರಿಯೆಸ್ ಶ್ರವಣ ನರಕ್ಕೆ ವಿದ್ಯುತ್ ಕೊಟ್ಟು ಸದ್ದು ಕೇಳಿಸಿದ್ದರು. 1961ರಲ್ಲಿ ಲಾಸ್ ಏಂಜಲೀಸ್‌ನ ವಿಲಿಯಂ ಹೌಸ್ ಮೊದಲ ಇಂಪ್ಲಾಂಟ್‌ಗಳನ್ನು ಹಾಕಿದರು. ವಿಯೆನ್ನಾದ ಹೋಕ್‌ಮೇರ್ ದಂಪತಿಯ ಸಾಧನ 1977ರಲ್ಲಿ, ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್ ಅವರದ್ದು 1978ರಲ್ಲಿ ಬಂತು. ಎರಡರಲ್ಲೂ ಹಲವು ಚಾನೆಲ್‌ಗಳಿದ್ದವು, ಅಂದರೆ ಬೇರೆಬೇರೆ ಎಲೆಕ್ಟ್ರೋಡ್‌ಗೆ ಬೇರೆಬೇರೆ ಸಂಕೇತ ಹೋಗುತ್ತಿತ್ತು. ತುಟಿ ನೋಡದೆ ಬರೀ ಕಿವಿಯಿಂದ ಮಾತು ಹಿಡಿಯುವುದು ಹೆಚ್ಚಿನವರಿಗೆ ಸಾಧ್ಯವಾಗಲು 1991ರಲ್ಲಿ ಬ್ಲೇಕ್ ವಿಲ್ಸನ್ ಪ್ರಕಟಿಸಿದ ಸಂಕೇತ ವಿಧಾನದ ಪಾಲು ದೊಡ್ಡದು.

ತಡ ಯಾಕೆ ಬೇಡ ಅಂದರೆ, ನರಕ್ಕೂ ಮೆದುಳಿಗೂ ಸದ್ದೇ ಸಿಗದೆ ವರ್ಷಗಟ್ಟಲೆ ಕಳೆದರೆ ಇಂಪ್ಲಾಂಟ್‌ನಿಂದ ಸಿಗುವ ಫಲ ಕಡಿಮೆಯಾಗುವ ಸಾಧ್ಯತೆ ಹೆಚ್ಚು. "ಪೂರ್ತಿ ಹೋಗಲಿ, ಆಮೇಲೆ ನೋಡೋಣ" ಅನ್ನುವುದು ಹಳೇ ಕಾಲದ ಲೆಕ್ಕ. ಈಗ ಆಡಿಯಾಲಜಿಸ್ಟ್‌ಗಳು (ಶ್ರವಣ ಪರೀಕ್ಷೆಯ ತಜ್ಞರು) ಬಳಸುವ ಒಂದು ಸರಳ ಅಳತೆ ಹೀಗಿದೆ: ಎರಡರಲ್ಲಿ ಚೆನ್ನಾಗಿರುವ ಕಿವಿಯಲ್ಲೂ ಸರಾಸರಿ ನಷ್ಟ 60 ಡೆಸಿಬೆಲ್ ಮುಟ್ಟಿದ್ದು, ಜೊತೆಗೆ ಏಡ್ ಇಲ್ಲದೆ ಬಿಡಿ ಪದಗಳ ಪರೀಕ್ಷೆಯಲ್ಲಿ ಅಂಕ ಶೇ. 60 ಅಥವಾ ಅದಕ್ಕಿಂತ ಕಡಿಮೆ ಬಂದರೆ, ಇಂಪ್ಲಾಂಟ್ ಪರೀಕ್ಷೆಗೆ ಕಳಿಸಬೇಕು. ಪರೀಕ್ಷೆಗೆ ಹೋದ ಮಾತ್ರಕ್ಕೆ ಆಪರೇಷನ್ ಆಗಲೇಬೇಕು ಅಂತಲ್ಲ. ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ.

ವಯಸ್ಸು ಒಂದೇ ಅಡ್ಡಿಯಲ್ಲ, ಎಂಬತ್ತು ದಾಟಿದವರೂ ಮಾಡಿಸಿಕೊಳ್ಳುತ್ತಾರೆ. ಒಂದು ಕಿವಿಗೆ ಇಂಪ್ಲಾಂಟ್, ಇನ್ನೊಂದಕ್ಕೆ ಏಡ್ ಇಟ್ಟುಕೊಳ್ಳಬಹುದು. ಕೀಚಲಲ್ಲದ, ತಗ್ಗು ದನಿಯ ಸದ್ದುಗಳು ಇನ್ನೂ ಚೆನ್ನಾಗಿ ಕೇಳುತ್ತಿದ್ದರೆ ಒಂದೇ ಕಿವಿಯಲ್ಲಿ ಎರಡನ್ನೂ ಸೇರಿಸುವ ಸಾಧನಗಳೂ ಇವೆ. ಏಡ್ ಬಿಡಲು ಮನಸ್ಸಿಲ್ಲ ಅನ್ನುವವರಿಗೂ ಇಲ್ಲಿ ದಾರಿ ಇದೆ, ಅಲ್ವಾ?

ವಿರೋಧ: ಮೊದಲು ಏಡ್ ಸರಿಯಿದೆಯಾ ನೋಡಿ

ಏಡ್ ಸೋತಿತು ಅನ್ನುತ್ತಾರೆ. ಎಷ್ಟೋ ಸಲ ಸೋತಿರುವುದು ಅದನ್ನು ಕೂರಿಸಿದ ರೀತಿ.

ಏಡ್‌ನ ಸೆಟ್ಟಿಂಗ್ ಹಳೇ ಆಡಿಯೋಗ್ರಾಂ (ಎಷ್ಟು ಕೇಳುತ್ತದೆ ಎಂದು ತೋರಿಸುವ ನಕ್ಷೆ) ಮೇಲೆಯೇ ನಿಂತಿರುತ್ತದೆ, ಕಿವಿ ಮಾತ್ರ ಅಲ್ಲಿಂದ ಬಹಳ ದೂರ ಬಂದಿರುತ್ತದೆ. ಕಿವಿಯ ಅಚ್ಚಿಗೆ ತಕ್ಕಂತೆ ಮಾಡಿದ ಮೋಲ್ಡ್ ಸಡಿಲವಾಗಿದ್ದರೆ ಸದ್ದು ಹೊರಗೆ ಸೋರಿ 'ಕುಯ್ಯ್' ಅನ್ನುತ್ತದೆ. ಆ ಕಿರಿಕಿರಿ ತಪ್ಪಿಸಲು ಕೀಚಲು ಸದ್ದಿನ ವಾಲ್ಯೂಮನ್ನೇ ತಗ್ಗಿಸಿಬಿಡುತ್ತಾರೆ. ಅಂದರೆ ಸ, ಶ ಕೇಳಲು ಬೇಕಾದ ಬಲವೇ ಅಲ್ಲಿ ಹೋಯಿತು. ಕಿವಿಯೊಳಗೆ ಸಣ್ಣ ಮೈಕ್ ಟ್ಯೂಬ್ ಇಟ್ಟು, ತಮಟೆಯ ಬಳಿ ನಿಜವಾಗಿ ಎಷ್ಟು ಸದ್ದು ಮುಟ್ಟುತ್ತಿದೆ ಎಂದು ಅಳೆಯುವ ಪರೀಕ್ಷೆ ಇದೆ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ, ಕಂಪ್ಯೂಟರ್ ತಾನಾಗಿ ಹಾಕಿದ ಸೆಟ್ಟಿಂಗನ್ನೇ ನಂಬಿ ಏಡ್ ಕೊಡುವುದು ಎಲ್ಲೆಡೆ ನಡೆಯುತ್ತದೆ. ಹಾಗಾಗಬಾರದು.

ಕೇಳುವುದು ಕಡಿಮೆಯಾಗಲು ಬೇರೆ ಕಾರಣಗಳೂ ಇರುತ್ತವೆ. ಕಿವಿಯಲ್ಲಿ ಗುಗ್ಗೆ ಕಟ್ಟಿರಬಹುದು, ತಮಟೆಯ ಹಿಂದೆ ನೀರು ತುಂಬಿರಬಹುದು, ನಡುಗಿವಿಯ ಸಣ್ಣ ಮೂಳೆ ಬಿಗಿದುಕೊಂಡಿರಬಹುದು. ಇವಕ್ಕೆಲ್ಲ ಬೇರೆ ಚಿಕಿತ್ಸೆ ಇದೆ. (ಒಂದು ದಿನದಿಂದ ಇನ್ನೊಂದು ದಿನಕ್ಕೆ ದಿಢೀರನೆ ಕೇಳಿಸದಾದರೆ ಮಾತ್ರ ಯಾವ ಚರ್ಚೆಯೂ ಬೇಡ, ಅವತ್ತೇ ಇಎನ್‌ಟಿ ಡಾಕ್ಟರ್ ಹತ್ತಿರ ಓಡಿ. ಸ್ಟಿರಾಯ್ಡ್ ಬೇಗ ಶುರುವಾದಷ್ಟೂ ಒಳ್ಳೆಯದು.)

ಇನ್ನು ಗದ್ದಲದ ವಿಷಯ. ಎಷ್ಟೇ ದುಬಾರಿ ಏಡ್ ಆದರೂ ಕೋಣೆಯ ಆ ತುದಿಯ ಮಾತನ್ನು ತಂದುಕೊಡಲಾರದು. ಮಾತಾಡುವವರ ಅಂಗಿಗೆ ಸಿಕ್ಕಿಸುವ ರಿಮೋಟ್ ಮೈಕ್ ತಂದುಕೊಡುತ್ತದೆ. ಮಾತು ಬಾಯಿಂದ ನೇರವಾಗಿ ಏಡ್‌ಗೆ ಬರುತ್ತದೆ, ದೂರ ಅನ್ನುವುದೇ ಉಳಿಯುವುದಿಲ್ಲ. ಹೊಸ ಏಡ್‌ಗೆ ದುಡ್ಡು ಸುರಿಯುವ ಮೊದಲು, ಆಪರೇಷನ್‌ಗೆ ಹೆಸರು ಬರೆಸುವ ಮೊದಲು, ಇದನ್ನೊಮ್ಮೆ ಹಾಕಿ ನೋಡಲೇಬೇಕು.

ಇಷ್ಟು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಏಡ್ ಇಷ್ಟವಾಗದಿದ್ದರೆ ತೆಗೆದಿಡಬಹುದು. ಇಂಪ್ಲಾಂಟ್‌ನಲ್ಲಿ ಹಿಂದೆ ಬರುವ ದಾರಿ ಇಲ್ಲ. ಎಲೆಕ್ಟ್ರೋಡ್ ಒಳಗೆ ಹೋಗುವಾಗ ಆ ಕಿವಿಯಲ್ಲಿ ಉಳಿದ ಅಷ್ಟಿಷ್ಟು ಸಹಜ ಶ್ರವಣವೂ ಹೋಗಬಹುದು. ಆಮೇಲೆ ಆ ಕಿವಿಗೆ ಏಡ್ ಹಾಕಿ ಪ್ರಯೋಜನವಿಲ್ಲ. ರಾತ್ರಿ ಪ್ರೊಸೆಸರ್ ಬಿಚ್ಚಿಟ್ಟರೆ ಆ ಕಿವಿಗೆ ಪೂರ್ತಿ ಮೌನ. ತಲೆಸುತ್ತು, ನಾಲಿಗೆಯ ರುಚಿ ಬದಲಾಗುವುದು, ಅಪರೂಪಕ್ಕೆ ಮುಖದ ನರಕ್ಕೆ ಪೆಟ್ಟು, ಇವೂ ಇವೆ. ಮಿದುಳ್ಪೊರೆಯ ಸೋಂಕಿನ ಅಪಾಯ ಸ್ವಲ್ಪ ಹೆಚ್ಚುವುದರಿಂದ ಅದನ್ನು ತರಬಲ್ಲ ನ್ಯೂಮೋಕಾಕಸ್ ಬ್ಯಾಕ್ಟೀರಿಯಾ ವಿರುದ್ಧ ಲಸಿಕೆ ಹಾಕಿಸುತ್ತಾರೆ. ಎಂಆರ್‌ಐ ಮಾಡಿಸಬೇಕಾದಾಗ ಒಳಗಿರುವ ಅಯಸ್ಕಾಂತದ ಲೆಕ್ಕ ನೋಡಬೇಕು. ಒಳಗಿನ ಭಾಗ ಯಾವ ಕಂಪನಿಯದ್ದೋ, ಹೊರಗಿನ ಪ್ರೊಸೆಸರ್ ಕೂಡ ಜೀವನಪೂರ್ತಿ ಅದೇ ಕಂಪನಿಯದ್ದೇ ಆಗಬೇಕು.

ಸ್ವಿಚ್ ಹಾಕಿದ ದಿನ ಮಾತು ಕೇಳಿಬಿಡುತ್ತದೆ ಎಂಬ ಆಸೆ ಬೇರೆ. ಗಾಯ ಆರಿದ ಮೇಲೆ, ಕೆಲವು ವಾರ ಬಿಟ್ಟು ಆನ್ ಮಾಡುತ್ತಾರೆ. ಮೊದಮೊದಲು ಹಲವರಿಗೆ ಎಲ್ಲರ ದನಿಯೂ ಕೀರಲಾಗಿ, ಯಂತ್ರ ಮಾತಾಡಿದ ಹಾಗೆ ಕೇಳುತ್ತದೆ. ಮತ್ತೆ ಮತ್ತೆ ಮ್ಯಾಪಿಂಗ್ (ಎಲೆಕ್ಟ್ರೋಡ್‌ಗಳ ಬಲವನ್ನು ಕಿವಿಗೆ ಹೊಂದಿಸುವುದು), ತಿಂಗಳುಗಟ್ಟಲೆ ಕೇಳುವ ಅಭ್ಯಾಸ. ಸಂಗೀತ ಜೀವವಾಗಿರುವವರು ಇದನ್ನು ಮೊದಲೇ ತಿಳಿದಿರಬೇಕು: ತಾಳ ಚೆನ್ನಾಗಿ ಸಿಗುತ್ತದೆ, ಶ್ರುತಿ ಮತ್ತು ರಾಗ ಸಿಗುವುದು ಕಷ್ಟ. ಸಾವಿರಾರು ಕೋಶಗಳು ಮಾಡುತ್ತಿದ್ದ ನಯವಾದ ಕೆಲಸವನ್ನು ಹೆಚ್ಚೆಂದರೆ ಇಪ್ಪತ್ತೆರಡು ಎಲೆಕ್ಟ್ರೋಡ್‌ಗಳಿಂದ ಮಾಡಿಸುವುದು ಹೇಗೆ?

ಇನ್ನೊಂದು ಮಾತು ಮನೆಯವರಿಗೆ. ಕೆಲವು ಕಡೆ ಇಂಪ್ಲಾಂಟ್‌ಗೆ ಒತ್ತಾಯ ಶುರುವಾಗುವುದು ಕೇಳಿಸದವರಿಂದಲ್ಲ, ಹೇಳಿದ್ದನ್ನೇ ಹೇಳಿ ಸಾಕಾದವರಿಂದ. ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ತಲೆಬುರುಡೆ ಕೊರೆಸಿಕೊಳ್ಳಬೇಕಾದವರು ಕೇಳಿಸದವರೇ. ಟಿವಿ ಆಫ್ ಮಾಡಿ, ಎದುರಿಗೆ ಬಂದು, ಮುಖ ಕಾಣುವಂತೆ ನಿಧಾನವಾಗಿ ಮಾತಾಡುವುದು ಇಂಪ್ಲಾಂಟ್ ಆದ ಮೇಲೂ ಬೇಕೇ ಬೇಕು.

ಆದ್ದರಿಂದ ಮೋಲ್ಡ್ ಬದಲಿಸಿ, ಹೊಸ ಆಡಿಯೋಗ್ರಾಂಗೆ ಸೆಟ್ಟಿಂಗ್ ಮಾಡಿಸಿ, ಕೆಲವು ವಾರ ದಿನವಿಡೀ ಹಾಕಿಕೊಂಡಿರಿ. ಆಮೇಲೆ ಏಡ್ ಹಾಕಿಕೊಂಡೇ ಒಂದೊಂದು ಕಿವಿಗೂ ಬೇರೆಬೇರೆಯಾಗಿ ಮಾತಿನ ಪರೀಕ್ಷೆ ಮಾಡಿಸಿ. ಗದ್ದಲ ಇಟ್ಟುಕೊಂಡೂ ಮಾಡಿಸಿ. ಅಂಕ ಏರಿದ್ದರೆ ಆಪರೇಷನ್ ಮಾತನ್ನು ಸದ್ಯಕ್ಕೆ ಅಲ್ಲಿಗೇ ಬಿಡಿ. ವರ್ಷಕ್ಕೊಮ್ಮೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ, ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.