ಎಸ್ ಎಲ್

ಯುಗಾದಿ ಊಟಕ್ಕೆ ಬಂದಿದ್ದ ಒಬ್ಬರು ನನ್ನ ಹೆಂಡತಿಯ ಕೈಯಿಂದ ಬೆಳ್ಳಿ ಕಡಗ ಬಿಚ್ಚಿಸಿಕೊಂಡರು. ಬೋರಲು ಮಾಡಿ, ಫೋನಿನ ಟಾರ್ಚ್ ಹಾಕಿ, ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ತಟ್ಟೆಯಲ್ಲಿ ಒಬ್ಬಟ್ಟು ಆರುತ್ತಿತ್ತು. "ಅಸಲಿ ಬೆಳ್ಳಿ ಅನ್ನೋ 925 ಅಚ್ಚು ಎಲ್ಲೂ ಇಲ್ವಲ್ರೀ. ಒರಿಜಿನಲ್ ಅಂತ ಹೇಗೆ ಹೇಳ್ತೀರಾ?" ಅಂದರು.

ನಾನು ಏನೂ ಹೇಳಿರಲಿಲ್ಲ. ಪಲ್ಯ ಬಡಿಸುತ್ತಿದ್ದೆ.

ಸಿಟ್ಟು ಬಂದದ್ದು ಅದಕ್ಕಲ್ಲ. ಅವರು ಕಡಗದ ಮುಂಭಾಗ ನೋಡಲೇ ಇಲ್ಲ. ಅದರಲ್ಲಿ 63 ನೀಲಿ ಕಲ್ಲುಗಳಿವೆ, ನಾನೇ ಎಣಿಸಿದ್ದೇನೆ. ಒಂದೊಂದೂ ಜೀರಿಗೆ ಕಾಳಿನಂತೆ, ಎರಡೂ ತುದಿ ಚೂಪು. ಜೂನಿ ಅಂದರೆ ಅಮೆರಿಕದ ಮೂಲನಿವಾಸಿ ಇಂಡಿಯನ್ನರ ಒಂದು ಬುಡಕಟ್ಟು, ಅವರ ಈ ಕೆಲಸಕ್ಕೆ ನೀಡಲ್‌ಪಾಯಿಂಟ್ ಅನ್ನುತ್ತಾರೆ. ಕುಂಬಳ ಬೀಜದ ಹಾಗೆ ಒಂದು ಕಡೆ ದುಂಡಗಿದ್ದರೆ ಪೆಟಿಟ್ ಪಾಯಿಂಟ್. ಇಷ್ಟು ಸಣ್ಣ ಕಲ್ಲನ್ನು ಕೈಯಲ್ಲಿ ಹಿಡಿಯೋಕಾಗಲ್ಲ ಅಂತ ಕಡ್ಡಿಯ ತುದಿಗೆ ಅರಗು ಹಾಕಿ ಅಂಟಿಸಿ ಸಾಣೆ ಹಿಡಿಯುತ್ತಿದ್ದರು. ಹಾಗೆ 63 ಸಲ! ಕಲ್ಲು ಕೆತ್ತುವುದು ಆ ಜನಕ್ಕೆ ನೂರಾರು ವರ್ಷದ ವಿದ್ಯೆ. ಬೆಳ್ಳಿ ಕೆಲಸ 1870ರ ದಶಕದಲ್ಲಿ ನೆರೆಯ ನವಾಹೊ ಬುಡಕಟ್ಟಿನ ಅಕ್ಕಸಾಲಿಗರಿಂದ ಕಲಿತದ್ದು. ಅವರ ಒಡವೆಯಲ್ಲಿ ಕಲ್ಲೇ ಯಜಮಾನ, ಬೆಳ್ಳಿ ಬರೀ ಬೇಲಿ. ಇವರು ಬೇಲಿಗೆ ನಂಬರ್ ಇದೆಯಾ ಅಂತ ಹುಡುಕುತ್ತಿದ್ದರು.

ಕಡಗ ನನ್ನ ದೊಡ್ಡಮ್ಮನದು. ಎಪ್ಪತ್ತರ ದಶಕದಲ್ಲಿ ನ್ಯೂ ಮೆಕ್ಸಿಕೋದ ಗ್ಯಾಲಪ್‌ಗೆ ಡಾಕ್ಟರಾಗಿ ಬಂದವರು. ಜೂನಿ ಊರು ಅಲ್ಲಿಂದ ದಕ್ಷಿಣಕ್ಕೆ ಒಂದು ಗಂಟೆಯ ದಾರಿ. ಸೀರೆ ಉಟ್ಟು ಈ ಕಡಗ ತೊಟ್ಟು ಹೋದರೆ ಜನ "ಇಂಡಿಯನ್ ಒಡವೆನಾ?" ಅಂತ ಕೇಳುತ್ತಿದ್ದರಂತೆ. ಹೌದು ಅನ್ನುತ್ತಿದ್ದರು. ಮಕ್ಕಳಿರಲಿಲ್ಲ. ಅವರು ಹೋದ ಮೇಲೆ ಫೀನಿಕ್ಸ್‌ನಲ್ಲಿರುವ ನನಗೆ ಈ ಕಡಗ ಬಂತು, ಜೊತೆಗೆ ಮೂರು ಪೆಟ್ಟಿಗೆ ಸ್ಟೀಲ್ ಪಾತ್ರೆ. ನೆಂಟರು ಹೊಟ್ಟೆಕಿಚ್ಚು ಪಟ್ಟದ್ದು ಕಡಗಕ್ಕೆ ಮಾತ್ರ.

ಯುಗಾದಿ ಮುಗಿದ ರಾತ್ರಿ ನಾನೂ ಟಾರ್ಚ್ ಹಾಕಿದೆ. ಸುಮ್ನೆ ಯಾಕೆ ಸುಳ್ಳು ಹೇಳಲಿ? 925 ಇರಲಿಲ್ಲ. ಆದರೆ ಅಂಚಿನ ಹತ್ತಿರ ಸವೆದ ಎರಡು ಅಕ್ಷರ ಇದ್ದವು, ಇಂಗ್ಲಿಷಿನ ಎಸ್ ಮತ್ತು ಎಲ್. ಅಚ್ಚು ಒತ್ತಿದ್ದಲ್ಲ, ಗೀರಿ ಬರೆದದ್ದು.

ಅಲ್ಲಿಂದ ಒಂದು ತಿಂಗಳು ನಾನು ಮನುಷ್ಯನಾಗಿರಲಿಲ್ಲ. ಹಳೆಯ ಜೂನಿ ಒಡವೆಗಳಲ್ಲಿ ಹೆಸರೇ ಇರುವುದಿಲ್ಲ, ಹೆಸರು ಹಾಕುವ ರೂಢಿ ಬೆಳೆದದ್ದು ಎಪ್ಪತ್ತರ ದಶಕದಿಂದೀಚೆಗೆ ಅಂತ ಓದಿದೆ. 1966ರಲ್ಲಿ ತೀರಿಹೋದ ಲೀಕ್ಯಾ ಡೆಯೂಸೆ, ಕಲ್ಲಿನಲ್ಲಿ ಕರಡಿ, ಕಪ್ಪೆ ಕೆತ್ತಿದ ದೊಡ್ಡ ಕೈ. ಅವರೇ ತಮ್ಮ ಕೆಲಸಕ್ಕೆ ಹೆಸರು ಹಾಕುತ್ತಿರಲಿಲ್ಲ. ಯಾರ ಕೈಕೆಲಸ ಅಂತ ಊರಿಗೆಲ್ಲ ಗೊತ್ತು, ಮತ್ತೆ ಬರೆಯೋದೇನು? ಅಚ್ಚು ನೋಡಿ ನಂಬುವವರಿಗೆ ಇನ್ನೊಂದು ಮಾತು. ಫಿಲಿಪ್ಪೀನ್ಸ್‌ನಲ್ಲಿ ಮಾಡಿಸಿದ ಮಾಲನ್ನು ಇಲ್ಲಿನ ಬುಡಕಟ್ಟಿನವರದು ಅಂತ ಮಾರಿದ ನ್ಯೂ ಮೆಕ್ಸಿಕೋದ ಅಂಗಡಿಯವನೊಬ್ಬನಿಗೆ 2018ರಲ್ಲಿ ಜೈಲು ಶಿಕ್ಷೆ ಆಯಿತು. ಅಂಥವರಿಗೆ ಎರಡು ಅಕ್ಷರ ಒತ್ತೋದು ಒಂದು ಕಷ್ಟವಾ?

ಇಷ್ಟೆಲ್ಲ ಗೊತ್ತಿದ್ದೂ ಎಸ್ ಎಲ್ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಜೂನಿಗಳಲ್ಲಿ ಗಂಡ ಹೆಂಡತಿ ಸೇರಿ ಕೆಲಸ ಮಾಡುವುದು ಹೆಚ್ಚು. ಒಬ್ಬರು ಕಲ್ಲು, ಒಬ್ಬರು ಬೆಳ್ಳಿ. ಹೆಸರು ಹಾಕಿದರೆ ಇಬ್ಬರದ್ದೂ ಹಾಕುತ್ತಾರೆ. ಎಷ್ಟೋ ಸಲ ವಿದ್ಯುತ್ ಪೆನ್ನಿನಲ್ಲಿ ಹೀಗೇ ಗೀರಿ. ಸರಿ, ಎಸ್ ಹೆಂಡತಿ, ಎಲ್ ಗಂಡ. ನನ್ನ ತಲೆಯಲ್ಲಿ ಅವರಿಗೊಂದು ಮನೆ, ಕಿಟಕಿ ಪಕ್ಕ ಒಂದು ಸಾಣೆಕಲ್ಲು, ಬಾಗಿಲಲ್ಲಿ ಒಂದು ನಾಯಿ, ಎಲ್ಲ ಆಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ನಾನು ಆ ಮೊಲಕ್ಕೆ ಹೆಸರೂ ಇಟ್ಟುಬಿಟ್ಟಿದ್ದೆ.

ಐದು ಗಂಟೆ ಕಾರು ಓಡಿಸಿಕೊಂಡು ಗ್ಯಾಲಪ್‌ಗೆ ಹೋದೆ. ಅಂಗಡಿಯ ಮುದುಕ ಮುಂಭಾಗವನ್ನೇ ಹತ್ತು ನಿಮಿಷ ನೋಡಿದ. ಮನುಷ್ಯ ಅಂದರೆ ಇವನು ಅಂದುಕೊಂಡೆ. ಜೂನಿ ಕೆಲಸವೇ, ಹಳೆಯದು, ಚೆನ್ನಾಗಿದೆ ಅಂದ. ಆಮೇಲೆ ತಿರುಗಿಸಿ ಅಕ್ಷರ ನೋಡಿದ. "ಇದು ಕಡಗ ಮಾಡಿದವರ ಕೈಬರಹ ಇದ್ದ ಹಾಗಿಲ್ಲ," ಅಂದ. ಮತ್ಯಾರದು ಅಂದೆ. "ಮಾರ್ತೀಯಾ?" ಅಂದ. ಇಲ್ಲ ಅಂದೆ. ಅಲ್ಲಿಗೆ ಅವನಿಗೆ ಕಣ್ಣೂ ಕಾಣಲಿಲ್ಲ, ಕಿವಿಯೂ ಕೇಳಲಿಲ್ಲ.

ಈಗ ಪಾತ್ರೆಗಳ ವಿಷಯ ಹೇಳಬೇಕು. ನಮ್ಮಲ್ಲಿ ಹೆಸರಿಲ್ಲದ ಪಾತ್ರೆ ಮನೆಗೆ ಬಂದದ್ದುಂಟೇ? ಪಾತ್ರೆ ಅಂಗಡಿಯಲ್ಲಿ ದುಡ್ಡು ಕೊಟ್ಟ ಮೇಲೆ "ಹೆಸರು ಏನು ಹಾಕ್ಲಿ?" ಅಂತ ಹುಡುಗ ಕೇಳಲೇಬೇಕು. ಮಷೀನು ಗುರ್ ಅನ್ನುತ್ತದೆ. ಲೋಟದ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಅಪ್ಪನ ಹೆಸರು, ತಾರೀಖು, ಗೃಹಪ್ರವೇಶದ ಸವಿನೆನಪು. ಸವಿಯಲ್ಲಿ ಒಂದು ಅಕ್ಷರ ತಪ್ಪಿರುತ್ತದೆ. ಲೋಟ ಮಾಡಿದವನ ಹೆಸರು ಯಾವ ಜನ್ಮದಲ್ಲೂ ಇಲ್ಲ. ಕೊಟ್ಟವರದು, ಇಲ್ಲಾ ಇಟ್ಟುಕೊಂಡವರದು. ನಮ್ಮ ಮನೆಯಲ್ಲಿ ಒಂದು ಸೌಟಿನ ಮೇಲೆ, ಎರಡನೇ ತಲೆಮಾರಿಗೆ ಮುರಿದುಹೋದ ಒಂದು ಸಂಬಂಧದ ಎರಡೂ ಹೆಸರು ಇವೆ. ಇವತ್ತಿಗೂ ಅದರಲ್ಲೇ ಸಾರು ಬಡಿಸುತ್ತೇವೆ.

ದೊಡ್ಡಮ್ಮನ ಕಥೆ ಹೀಗೆ. ಒಮ್ಮೆ ಆಲ್ಬುಕರ್ಕಿಯಲ್ಲಿ ಕನ್ನಡದವರೆಲ್ಲ ಸೇರಿದ್ದ ಊಟಕ್ಕೆ ಕೊಳದಪ್ಪಲೆ ತುಂಬ ಬಿಸಿಬೇಳೆಬಾತ್ ಒಯ್ದರು. ತವರಿನಿಂದ ತಂದ ಕೊಳದಪ್ಪಲೆ. ಅದು ವಾಪಸ್ ಬರಲಿಲ್ಲ. ಬದಲಿಗೆ ಕಿವಿ ಮುರಿದ ಅಲ್ಯೂಮಿನಿಯಂ ಪಾತ್ರೆಯೊಂದು ಬಂತು. ಎರಡು ತಿಂಗಳು ಊರೂರಿಗೆ ಫೋನ್ ಮಾಡಿದರು, ದೂರದ ಕರೆಗೆ ನಿಮಿಷಕ್ಕಿಷ್ಟು ಅಂತ ದುಡ್ಡು ಸುರಿಯುವ ಕಾಲದಲ್ಲಿ. ಆಮೇಲೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಲೋಹದ ಮೇಲೆ ಗೀರುವ ವಿದ್ಯುತ್ ಪೆನ್ನು ತಂದರು. ಒಂದು ಭಾನುವಾರ ಬೆಳಿಗ್ಗೆ ಶುರು ಮಾಡಿ ಮನೆಯಲ್ಲಿದ್ದ ಪ್ರತಿ ಡಬ್ಬಿ, ತಟ್ಟೆ, ಚಮಚ, ಜರಡಿ, ಕತ್ತರಿ, ಸ್ಟೆತಾಸ್ಕೋಪಿನ ಬಿಲ್ಲೆ, ದೊಡ್ಡಪ್ಪನ ವಾಚಿನ ಬೆನ್ನು, ಒಂದನ್ನೂ ಬಿಡಲಿಲ್ಲ. ದೊಡ್ಡಪ್ಪ ಆ ದಿನ ಕೈ ಜೇಬಿನಿಂದ ತೆಗೆಯಲಿಲ್ಲವಂತೆ.

ದೊಡ್ಡಮ್ಮನ ಹೆಸರು ಎಸ್‌ನಿಂದ ಶುರು. ದೊಡ್ಡಪ್ಪನದು ಎಲ್.

ಇದು ಗ್ಯಾಲಪ್‌ನಿಂದ ವಾಪಸ್ ಬರುವಾಗ ಹೊಳೆಯಿತು. ಹೊಳೆದದ್ದು ಯಾಕೆ ತಡವಾಯಿತು ಅಂತ ಹೆಂಡತಿ ಕೇಳಿದಳು. ಆ ಪ್ರಶ್ನೆ ಅಷ್ಟು ಅಗತ್ಯವಿರಲಿಲ್ಲ.

ಮನೆಗೆ ಬಂದವನೇ ಪೆಟ್ಟಿಗೆ ಬಿಚ್ಚಿದೆ. ಮೇಲೇ ಸಿಕ್ಕಿದ ಚಟ್ನಿಪುಡಿ ಡಬ್ಬಿಯನ್ನು ಕಡಗದ ಪಕ್ಕ ಇಟ್ಟು ಟಾರ್ಚ್ ಹಾಕಿದೆ. ಡಬ್ಬಿಯ ಎಸ್‌ಗೆ ಬಾಲ ಉದ್ದ. ಕಡಗದ ಎಸ್ ಬಾಲದ ಹತ್ತಿರವೇ ಸವೆದಿದೆ. ಎಲ್ ಮಾತ್ರ ಒಂದೇ ಥರ ಕಂಡಿತು. ಆದರೆ ಎಲ್ ಅನ್ನು ಎಷ್ಟು ಥರ ಬರೆಯೋಕೆ ಸಾಧ್ಯ? ಕಿಟಕಿ ಪಕ್ಕದ ಸಾಣೆಕಲ್ಲು, ಬಾಗಿಲ ನಾಯಿ ಇನ್ನೂ ನನ್ನ ತಲೆಯಿಂದ ಪೂರ್ತಿ ಹೋಗಿಲ್ಲ.

ಅಷ್ಟರಲ್ಲಿ ಹೆಂಡತಿ ಡಬ್ಬಿಯ ಮುಚ್ಚಳ ತಿರುಗಿಸಿ ನೋಡುತ್ತಿದ್ದಳು. "ರೀ, ಇದರ ಮೇಲೆ ಎಂ ಕೆ ಅಂತಿದೆ," ಅಂದಳು. "ಇದು ಯಾರದು?"