ವೈನ್ ಶಾಪ್‌ನಲ್ಲಿ ವೈನ್ ಕೇಳಿದ ಕಥೆ

ಫೆಬ್ರವರಿಯಲ್ಲಿ ರಜೆಗೆ ವಿಜಯಪುರಕ್ಕೆ ಹೋಗಿದ್ದೆ. ಒಂದು ಸಂಜೆ ವೈನ್ ಶಾಪ್ ಮುಂದೆ ನಿಂತೆ. ಆಚೀಚೆ ನೋಡಿ, ಅಪ್ಪನ ಪರಿಚಯದವರು ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಆಮೇಲೆ ಜಾಲರಿಯ ಕಿಂಡಿಗೆ ಬಾಯಿ ಹಚ್ಚಿ ಕೇಳಿದೆ: "ಬಿಳಿ ವೈನ್ ಐತೇನಪಾ? ಸ್ವಲ್ಪ ಸಿಹಿ ಇರೋದು."

"ಬಿಳೀದಂದ್ರ ವೋಡ್ಕಾ ಏನ್ರಿ?"

"ವೋಡ್ಕಾ ಅಲ್ಲೋ, ವೈನ್. ದ್ರಾಕ್ಷಿದು."

"ಹಾಂ, ಹೆಣ್ಮಕ್ಕಳು ಕುಡ್ಯೋದು!" ಅಂದ ಹುಡುಗ, ಇಡೀ ಓಣಿಗೆ ಕೇಳುವ ಹಾಗೆ. ಹಿಂದೆ ಕ್ವಾರ್ಟರ್‌ಗೆ ಕಾಯುತ್ತಿದ್ದ ನಾಲ್ಕು ಮಂದಿ ನಕ್ಕರು. ಹುಡುಗ ಸ್ಟೂಲ್ ಹತ್ತಿ ಮೇಲಿನ ಸಾಲಿನಿಂದ ಒಂದು ಬಾಟಲಿ ಇಳಿಸಿ, ಅಂಗಿಯಿಂದಲೇ ಧೂಳು ಒರೆಸಿ ಕೊಟ್ಟ. ನೋಡಿದರೆ ಕೆಂಪು.

ಬೋರ್ಡ್ ಮೇಲೆ ವೈನ್ ಶಾಪ್ ಅಂತ ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಒಳಗೆ ವೈನ್ ಒಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಇದು ದ್ರಾಕ್ಷಿ ಬೆಳೆಯದ ಯಾವುದೋ ಊರಿನ ಮಾತಾಗಿದ್ದರೆ ಸುಮ್ನೆ ಇರುತ್ತಿದ್ದೆ. ತಿಕೋಟಾ, ಬಬಲೇಶ್ವರದ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಬಳ್ಳಿಯ ಚಪ್ಪರ. ನಮ್ಮ ಮಾಮಾನ ತೋಟವೂ ಅಲ್ಲೇ ಇದೆ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದ ಮೇಲೆ ಮಳೆ ಬಂದರೆ ಆ ಮನುಷ್ಯನಿಗೆ ನಿದ್ದೆ ಇರುವುದಿಲ್ಲ. ನನ್ನ ಡಿಗ್ರಿಯ ಫೀ ಕಟ್ಟಿದ್ದು ಅವನ ಒಣದ್ರಾಕ್ಷಿಯೇ. ಇಂಥ ಜಿಲ್ಲೆಯಲ್ಲಿ ದ್ರಾಕ್ಷಿ ರಸದ ಒಂದು ಬಾಟಲಿಗೆ ನಗೆಪಾಟಲಾಗಿ ಬಂದೆ.

ಈಗ ನಾನಿರುವ ಊರಿನ ಬಗ್ಗೆ ಹೇಳಬೇಕು. ಜರ್ಮನಿಯ ಮೈಂಟ್ಸ್. ರೈನ್ ನದಿಯ ದಂಡೆ, ಸುತ್ತಲೂ ರೈನ್‌ಹೆಸೆನ್ ಸೀಮೆ. ಆ ದೇಶದ ಅತಿ ದೊಡ್ಡ ವೈನ್ ಸೀಮೆ ಅದೇ. ಕೆಲಸ ಸಿಕ್ಕಿ ಬಂದ ಹೊಸದರಲ್ಲಿ ನನಗೆ ವೈನ್ ಅಂದರೆ ಕಾಲೇಜಿನಲ್ಲಿ ಬೆಳಗಾವಿ ಗೆಳೆಯ ಗೋವಾದಿಂದ ತರುತ್ತಿದ್ದ ಪೋರ್ಟ್ ಅಷ್ಟೇ. ಸಿಹಿ, ಕೆಂಪು, ಮರುದಿನ ತಲೆಭಾರ. ಇಲ್ಲಿ ಬಿಳಿಯದನ್ನು ಬಾಯಿಗೆ ಹಾಕಿದರೆ ಹುಣಸೆಹಣ್ಣು ಕಚ್ಚಿದ ಹಾಗೆ. ಆಫೀಸಿನ ನಮ್ಮವನೇ ಒಬ್ಬ, ಹೈದರಾಬಾದಿನವನು, "ಸಿಹಿ ವೈನಾ? ಅದು ಗೊತ್ತಿಲ್ಲದವರು ಕುಡಿಯೋದು" ಅಂದುಬಿಟ್ಟ. ಎರಡು ವರ್ಷ ಬಾಯಿ ಮುಚ್ಚಿಕೊಂಡು ಹುಳಿಯನ್ನೇ ಕುಡಿದೆ. ಮರ್ಯಾದೆ ಪ್ರಶ್ನೆ ಅಲ್ವಾ?

ಬಿಡಿಸಿದ್ದು ಒಬ್ಬ ಮುದುಕಿ. ಮೈಂಟ್ಸ್‌ನ ದೊಡ್ಡ ಚರ್ಚಿನ ಎದುರು ಶನಿವಾರ ಸಂತೆ ಸೇರುತ್ತದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿ ವೈನ್ ಮಾಡುವ ರೈತರೇ ಬಂದು ಗ್ಲಾಸಿನಲ್ಲಿ ಸುರಿದು ಕೊಡುತ್ತಾರೆ. ಬೆಳಿಗ್ಗೆ ಹತ್ತೂವರೆ. ಕೈಚೀಲದಲ್ಲಿ ಗಜ್ಜರಿ, ಕೊತ್ತಂಬರಿಯಂಥ ಏನೋ ಸೊಪ್ಪು ತುಂಬಿಕೊಂಡ ಎಂಬತ್ತರ ಅಜ್ಜಿ ನನ್ನ ಪಕ್ಕ ನಿಂತು ವೈನ್ ಕುಡಿಯುತ್ತಿದ್ದಳು. ನಾನು ಮುಖ ಹಿಂಡಿದ್ದು ನೋಡಿ ಕೇಳಿದಳು, "ಸಿಹಿ ಬೇಕಿತ್ತಾ ನಿನಗೆ? ಹಾಗಾದರೆ ಹಾಗೆ ಕೇಳು." ಅಷ್ಟೇ. ಕೇಳಿದೆ. ಸುರಿಯುವವನು ನಗಲಿಲ್ಲ. "ಲೀಬ್ಲಿಶ್" ಅಂದು ಬೇರೆ ಬಾಟಲಿ ಎತ್ತಿದ.

ಆ ಒಂದು ಪದದಿಂದ ನನ್ನ ಬದುಕು ಸುಲಭವಾಯಿತು. ಇಲ್ಲಿ ಟ್ರೋಕನ್ ಅಂದರೆ ಸಿಹಿ ಇಲ್ಲದ್ದು, ಹಾಲ್ಬ್‌ಟ್ರೋಕನ್ ಅಂದರೆ ಅರೆಬರೆ. ಲೀಬ್ಲಿಶ್ ಅಂದರೆ ಲೀಟರಿಗೆ 45 ಗ್ರಾಂವರೆಗೆ ಸಕ್ಕರೆ ಉಳಿದದ್ದು. ಅದಕ್ಕೂ ಮೇಲಿನದು ಸ್ಯೂಸ್, ಅದು ನಮ್ಮ ಹೋಳಿಗೆ ಪಾಕದ ಕಡೆಗೆ. ಅಂಕಿಗಳು ಕಾನೂನಿನಲ್ಲೇ ಇವೆ. ಲೇಬಲ್ ಅರ್ಥವಾಗದಿದ್ದರೆ ಇನ್ನೊಂದು ಉಪಾಯ: ಬಾಟಲಿ ತಿರುಗಿಸಿ ಆಲ್ಕೋಹಾಲ್ ಎಷ್ಟು ಅಂತ ನೋಡಿ. ಹಣ್ಣಿನ ಸಕ್ಕರೆಯನ್ನೇ ಈಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಪೂರ್ತಿ ತಿಂದರೆ 12, 13 ಪರ್ಸೆಂಟ್ ಆಗುತ್ತದೆ, ಸಿಹಿ ಹೋಗುತ್ತದೆ. ಬಿಳಿ ವೈನ್ ಮೇಲೆ 8, 9 ಅಂತ ಇದ್ದರೆ ಹೆಚ್ಚಿನ ಸಲ ಸಕ್ಕರೆ ಒಳಗೇ ಉಳಿದಿದೆ ಅಂತ ಅರ್ಥ. ಜರ್ಮನಿಯದೇ ಮೋಸೆಲ್ ಕಡೆಯ ಬಿಳಿ ವೈನ್ ರೀಸ್ಲಿಂಗ್‌ನಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಸಿಹಿಯ ಜೊತೆಗೆ ಹುಳಿಯೂ ಇರುವುದರಿಂದ ಬಾಯಿ ಕಟ್ಟುವುದಿಲ್ಲ. ಇಟಲಿಯ ಮೊಸ್ಕಾತೋ ದಾಸ್ತಿ 5 ಪರ್ಸೆಂಟ್ ಆಸುಪಾಸು, ಅದಂತೂ ಶರಬತ್ತೇ.

ಬೆಲೆ? ನಾಲ್ಕೈದು ಯೂರೋ. ಅದಕ್ಕಿಂತ ಜಾಸ್ತಿ ನಾನು ಕೊಡುವುದಿಲ್ಲ. ತಿಂಗಳಿಗೆ ಎರಡು ಬಾಟಲಿ ಕುಡಿಯುವವನಿಗೆ ಅಷ್ಟು ಸಾಕು. ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗೆ ಮಾಡಿದರೆ ಅಗ್ಗದ ವೈನ್‌ನ ಅರ್ಧ ಐಬು ಮುಚ್ಚಿಹೋಗುತ್ತದೆ. ಮತ್ತು ಒಂದು ಮಾತು, ಇದನ್ನು ಜರ್ಮನ್ನರಿಗೆ ನಾನು ಕಲಿಸಿದ್ದೇನೆ: ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಕೆಂಪು ಖಾರ. ಇದರ ಜೊತೆ ಹುಳಿ ವೈನ್ ಕುಡಿದರೆ ನಾಲಿಗೆಗೆ ಬೆಂಕಿ. ಲೀಬ್ಲಿಶ್ ಕುಡಿದು ನೋಡಿ. ಆ ಹೈದರಾಬಾದಿನವನೂ ಈಗ ನಮ್ಮ ಮನೆಗೆ ಬಂದರೆ ಎರಡನೇ ಗ್ಲಾಸ್ ಕೇಳುತ್ತಾನೆ.

ನನಗೆ ಬೇಸರ ಬಾಟಲಿ ಸಿಗಲಿಲ್ಲ ಅಂತಲ್ಲ. ನಮ್ಮಲ್ಲಿ ಕೇಳುವುದೇ ಆಗುವುದಿಲ್ಲ. ಜಾಲರಿ, ಕಿಂಡಿ, ಹಿಂದೆ ನೂಕುವ ಜನ, ನ್ಯೂಸ್‌ಪೇಪರ್‌ನಲ್ಲಿ ಸುತ್ತಿದ ಬಾಟಲಿ. ಹೆಸರು ಹೇಳು, ದುಡ್ಡು ಕೊಡು, ಹೋಗು. ಮಾವಿನಹಣ್ಣನ್ನು ಹತ್ತು ಸಲ ಮೂಸಿ ನೋಡುತ್ತೇವೆ. ಸೀರೆ ಅಂಗಡಿಯಲ್ಲಿ ಐವತ್ತು ಸೀರೆ ಹರವಿಸುತ್ತೇವೆ. ಇಲ್ಲಿ ಮಾತ್ರ ಕಳ್ಳನ ಹಾಗೆ ಎರಡು ನಿಮಿಷದಲ್ಲಿ ಹೊರಗೆ. ರಾಜ್ಯದಲ್ಲಿ 2007ರಲ್ಲೇ ವೈನ್ ನೀತಿ ಬಂದಿದೆ. ಕೃಷ್ಣಾ ಕಣಿವೆ ಅಂತ ನಮ್ಮ ಕಡೆಯ ಹೆಸರೂ ಅದರಲ್ಲಿ ಸೇರಿದೆ. ಕಿಂಡಿಯ ಹಿಂದಿನ ಹುಡುಗನಿಗೆ ಮಾತ್ರ ಸುದ್ದಿ ಇನ್ನೂ ಮುಟ್ಟಿಲ್ಲ.

ಇಷ್ಟು ಬರೆದ ಮೇಲೆ ಕೆಲವು ಮಾತು ಒಪ್ಪಿಕೊಳ್ಳಲೇಬೇಕು. ಜರ್ಮನ್ ಲೇಬಲ್ ಏನು ಸತ್ಯ ಹರಿಶ್ಚಂದ್ರ ಅಲ್ಲ. ಶ್ಪೇಟ್‌ಲೇಜೆ, ಅಂದರೆ ತಡವಾಗಿ ಕೊಯ್ದದ್ದು ಅಂತ ಓದಿ, ಸಿಹಿ ಇರುತ್ತದೆ ಅಂತ ತಂದು ಮೋಸ ಹೋಗಿದ್ದೇನೆ. ಕೊಯ್ಯುವಾಗ ಹಣ್ಣು ಎಷ್ಟು ಮಾಗಿತ್ತು ಅನ್ನುವುದಷ್ಟೇ ಆ ಪದ. ಪಕ್ಕದಲ್ಲಿ ಸಣ್ಣಗೆ ಟ್ರೋಕನ್ ಅಂತಲೂ ಇತ್ತು. ಇನ್ನು ನೊರೆ ಬರುವ ಜೆಕ್ಟ್ ತಗೊಂಡರೆ ಅದೇ ಟ್ರೋಕನ್ ಪದಕ್ಕೆ 17ರಿಂದ 32 ಗ್ರಾಂ ಸಕ್ಕರೆ! ಒಂದೇ ಪದ, ಒಂದು ಬಾಟಲಿಯಲ್ಲಿ ಹುಳಿ, ಇನ್ನೊಂದರಲ್ಲಿ ಸಿಹಿ. ಬಳ್ಳಿಯ ಮಾತಿಗೆ ಬಂದರೆ, ಇವರದು ರೋಮನ್ನರ ಕಾಲದಿಂದ ಬಂದ ರೂಢಿ. ನಮ್ಮ ತೋಟದಲ್ಲಿರುವುದು ಹೆಚ್ಚಾಗಿ ಥಾಮ್ಸನ್ ಅನ್ನುವ ಬೀಜವಿಲ್ಲದ ಜಾತಿ ಮತ್ತು ಅದರ ಬಳಗ. ತಿನ್ನಲು, ಒಣಗಿಸಲು ಬೆಳೆದ ಹಣ್ಣು. ವೈನ್‌ಗೆ ಬೇಕಾದ ಜಾತಿಯೇ ಬೇರೆ.

ಆ ಹುಡುಗನ ವಿಷಯವನ್ನೂ ಪೂರ್ತಿ ಹೇಳಲಿಲ್ಲ. ಕೆಂಪು ಬಾಟಲಿ ವಾಪಸ್ ಕೊಟ್ಟು ನಾಲ್ಕು ಹೆಜ್ಜೆ ಬಂದಿದ್ದೆ. ಹಿಂದಿನಿಂದ ಕೂಗಿದ, "ಅಣ್ಣಾರ, ನಾಳೆ ಬರ್ರಿ. ಒಬ್ರು ಮೇಡಂ ಒಯ್ತಾರ, ಅವ್ರಿಗೆ ಕೇಳಿ ತರಿಸಿಡ್ತೀನಿ." ನಾನು ನಂಬಲಿಲ್ಲ. ಆದರೂ ಮರುದಿನ ಹೋದೆ. ನಾಸಿಕ್ ಕಡೆಯ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ಬಾಟಲಿ ಐಸ್‌ಕ್ರೀಮ್ ಡಬ್ಬಿಗಳ ನಡುವೆ ತಣ್ಣಗೆ ಕೂತಿತ್ತು. ಪಕ್ಕದ ಬೇಕರಿಯ ಫ್ರಿಜ್‌ನಲ್ಲಿ ಇಡಿಸಿದ್ದನಂತೆ. ಲೀಬ್ಲಿಶ್ ಅಷ್ಟು ಸಿಹಿ ಇರಲಿಲ್ಲ. ತೀರಾ ಹುಳಿಯೂ ಇರಲಿಲ್ಲ. ಒಂಬೈನೂರು ಚಿಲ್ಲರೆ ರೂಪಾಯಿ. ಮೈಂಟ್ಸ್‌ನಲ್ಲಿ ಆ ದುಡ್ಡಿಗೆ ಎರಡು ಬರುತ್ತಿದ್ದವು ಅಂತ ಮನಸ್ಸು ಲೆಕ್ಕ ಹಾಕಿತು, ಬಿಡಿ.

ಮನೆಯ ಫ್ರಿಜ್‌ನಲ್ಲಿ ಇಡುವ ಮಾತೇ ಇಲ್ಲ, ಅವ್ವ ಇದ್ದಾಳೆ. ಬಾಟಲಿ ಹಿಡಿದುಕೊಂಡು ನೇರ ಮಾಮಾನ ತೋಟಕ್ಕೆ ಹೋದೆ. ಶೆಡ್‌ನಲ್ಲಿ ಜಾಳಿಗೆಯ ಮೇಲೆ ಹಣ್ಣು ಹರವಿದ್ದರು. ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಮನುಕ ಆಗುತ್ತದೆ. ಮಾಮಾ ಸ್ಟೀಲ್ ಲೋಟದಲ್ಲಿ ಎರಡು ಗುಟುಕು ಕುಡಿದ. ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡ.

"ಹಣ್ಣು ಕಾಯಿ ಇದ್ದಾಗ ಕೊಯ್ದಾರ," ಅಂದ. "ಇನ್ನೊಂದು ವಾರ ಬಿಡಬೇಕಿತ್ತು."

ಲೇಬಲ್ ಓದಿರಲಿಲ್ಲ, ಓದಲೂ ಬರುವುದಿಲ್ಲ. ಆಮೇಲೆ ಬೆಲೆ ಕೇಳಿ ಲೋಟ ಕೆಳಗಿಟ್ಟ. ಸ್ವಲ್ಪ ಹೊತ್ತು ಬಿಟ್ಟು ತಾನೇ ಎತ್ತಿಕೊಂಡ.

ಮುಂದಿನ ಸಲ ಬರುವಾಗ ಅಲ್ಲಿಯದೊಂದು ತಂದು ತೋರಿಸು ಅಂದಿದ್ದಾನೆ. ಕಸ್ಟಮ್ಸ್‌ನಲ್ಲಿ ಎರಡು ಲೀಟರ್‌ವರೆಗೆ ಬಿಡುತ್ತಾರೆ. ಅಂದರೆ ಎರಡು ಬಾಟಲಿ, ಇನ್ನೂ ಅರ್ಧ ಲೀಟರ್ ಉಳಿಯುತ್ತದೆ. ಒಂದು ಮಾಮಾನಿಗೆ. ಇನ್ನೊಂದನ್ನು ಆ ಕಿಂಡಿಯ ಹುಡುಗನಿಗೆ ಕೊಟ್ಟರೆ ಹೇಗೆ ಅಂತ ಯೋಚಿಸುತ್ತಿದ್ದೇನೆ.